ಬೆಂಚಿನ ಮೇಲೆ ಕೂತವನು

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಸಿನಿಮಾದವರಿಗೆ ಸೆಟ್ ಹಾಕುವ ಕೆಲಸಕ್ಕೆ ಸೇರಿದ್ದಾಳಲ್ಲ, ಹೋದ ವರ್ಷ ಅವಳ ಪಾಲಿಗೆ ಬಂದದ್ದು ನನ್ನ ತವರಿನ ಕಥೆ. ಹುತ್ರಿದುರ್ಗದ ಹತ್ತಿರ, ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಿಜವಾಗಿ ನಡೆದ ಕೊಲೆ. ಹೊಲಗೇರಿಯ ಯುವಕನೊಬ್ಬ ಊರಿನ ಕಾಫಿ ಹೋಟೆಲಿನ ಬೆಂಚಿನ ಮೇಲೆ ಕೂತ. ಅಷ್ಟಕ್ಕೇ ಅದೇ ವಾರ ಊರಿನವರು ಅವನನ್ನು ತೋಟದಲ್ಲಿ ಹೊಡೆದು ಕೊಂದರು. ಊರಲ್ಲಿ ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಸೆಟ್ ನೋಡಲು ಅವಳು ನನ್ನನ್ನು ತುಮಕೂರಿನಿಂದ ಕರೆದುಕೊಂಡು ಹೊರಟಳು. ಕುಣಿಗಲ್ ಕೆರೆ ಹತ್ತಿರ ಕಾರಿನಲ್ಲೇ ಫೋನ್ ತೆಗೆದಳು. ಅವಳು ತೋರಿಸಿದ ಸೆಟ್ಟಿನ ಚಿತ್ರದಲ್ಲಿ ಎಲ್ಲ ಜಾತಿಯವರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಥರದ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು.

"ಕೇರಿಯೋರು ಒಳಕ್ಕೇ ಬರ್ತಿರ್ಲಿಲ್ಲ ಕಣೇ. ಅವ್ರಿಗೆ ತೆಂಗಿನ ಚಿಪ್ಪು. ಸೂರಲ್ಲಿ ಸಿಕ್ಕಿಸಿರೋದು. ಅವ್ರೇ ತಗೊಂಡು ಕುಡ್ದು, ತೊಳ್ದು, ಮತ್ತೆ ಅಲ್ಲೇ ಸಿಕ್ಕಿಸ್ಬೇಕು."

"ಗೊತ್ತಜ್ಜಿ. ಆದ್ರೆ ಹೀರೋ ಮಾಡ್ತಿರೋನೂ ಅದೇ ಜನಾನೇ. 'ಯಾವಾಗ್ಲೂ ನಮ್ಮನ್ನ ನೆಲದ ಮೇಲೇ ಕೂರಿಸ್ತೀರಲ್ಲ' ಅಂತ ಬೇಜಾರು ಮಾಡ್ಕೊಂಡ. ಅದಕ್ಕೇ ಎಲ್ರನ್ನೂ ಸಮವಾಗಿ ತೋರಿಸೋಣ ಅಂದ್ರು ಡೈರೆಕ್ಟ್ರು."

ಅವನ ಬೇಜಾರು ತಪ್ಪೆಂದು ಹೇಗೆ ಹೇಳಲಿ? ಆದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ನಮ್ಮೂರಿನ ಹೊರಗೇ ಹಾಕಿದ್ದ ಸೆಟ್ಟಿನ ಬಳಿ ಸತ್ತವನ ತಂಗಿ ನಿಂತಿದ್ದಳು. ಕೇರಿಯಿಂದ ಬಂದು ನನ್ನ ಜೊತೆ ಓದಿದವಳು. ಕಥೆಯನ್ನು ಸಿನಿಮಾ ಮಾಡಲು ಒಪ್ಪಿಗೆ ಕೊಟ್ಟವಳೂ ಅವಳೇ. ನನ್ನನ್ನು ನೋಡಿದ್ದೇ, "ಏನವ್ವ, ಪ್ಯಾಟೆ ಸೇರಿ ಇಷ್ಟ್ ಬೆಳ್ಳಗಾಗ್ಬುಟ್ಟಿದೀಯ!" ಎಂದು ನಕ್ಕಳು. ಆಮೇಲೆ ಬೆಂಚಿನ ಕಡೆ ತಿರುಗಿದಳು. ನಟರೆಲ್ಲ ಒತ್ತಾಗಿ ಕೂತು ಅಭ್ಯಾಸ ಮಾಡುತ್ತಿದ್ದರು. ಅವಳ ನಗು ನಿಂತಿತು.

"ಇದ್ಯಾವೂರ್ ಹೋಟ್ಲು ಮಗ?" ಎಂದು ನನ್ನ ಮೊಮ್ಮಗಳನ್ನು ಕೇಳಿದಳು. "ನಮ್ಮಣ್ಣ ಒಬ್ನೇ ಕೂತಿದ್ದು. ಎಲ್ಲಾರ್ನೂ ಕೂರಿಸ್ಬುಟ್ರೆ ಅವ್ನು ಯಾಕ್ ಸತ್ತ ಅಂತ ನೋಡೋರಿಗೆ ಹೆಂಗ್ ಗೊತ್ತಾಗುತ್ತೆ?"

ಮೊಮ್ಮಗಳ ಮುಖ ಕೆಂಪಾಯಿತು. ಮರುದಿನ ಬೆಳಿಗ್ಗೆಯೇ ಶೂಟಿಂಗ್. ಅವಳು ಓಡಿ ಡೈರೆಕ್ಟರನ್ನು ಕರೆತಂದಳು. ಆತ ಗಡಿಯಾರ ನೋಡಿದ, ತಲೆ ಕೆರೆದುಕೊಂಡ, ಕೊನೆಗೆ ಹೀರೋ ಮಾಡುವ ಹುಡುಗನ ಕಡೆ ನೋಡಿದ. ಆ ಹುಡುಗ ಒಲ್ಲೆ ಎಂದರೆ ಅವನ ಮಾತನ್ನೂ ತಳ್ಳುವಂತಿರಲಿಲ್ಲ.

ಅವನು ಆ ತಂಗಿಯ ಹತ್ತಿರ ಬಂದ. "ಅಮ್ಮ, ನಿಮ್ಮಣ್ಣ ಹೆದ್ರಿರ್ಲಿಲ್ವಾ?"

"ಹೆದ್ರಿಕೆ ಇದ್ದಿದ್ರೆ ಬದುಕ್ತಿದ್ದ ಕಣಪ್ಪ."

ಹುಡುಗ ಬೆಂಚಿನಿಂದ ಉಳಿದವರನ್ನು ಎಬ್ಬಿಸಿದ. ಕೇರಿಯವರ ಪಾತ್ರದ ಮೂವರು ಹೊರಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತರು. ಮೊಮ್ಮಗಳು ಚಿಪ್ಪು ಹುಡುಕಲು ಪಕ್ಕದ ತೋಟಕ್ಕೆ ಹೋದಳು. ಅವನು ಒಬ್ಬನೇ ಬೆಂಚಿನ ತುದಿಯಲ್ಲಿ ಮುದುರಿ ಕೂತ.

"ಹಂಗಲ್ಲ!" ತಂಗಿ ಕೂಗಿದಳು. "ಮಧ್ಯಕ್ ಬಾ. ಕಾಲ್ಮೇಲ್ ಕಾಲ್ ಹಾಕಿದ್ದ ನಮ್ಮಣ್ಣ!"

ಅವನು ಮಧ್ಯಕ್ಕೆ ಸರಿದು ಕಾಲ ಮೇಲೆ ಕಾಲು ಹಾಕಿದ. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ನಾನು ಮಾತ್ರ ತಿರುಗಿ ದಾರಿಯ ಕಡೆ ನೋಡಿದೆ, ಊರಿನವರು ಯಾರಾದರೂ ಬರುತ್ತಿದ್ದಾರೇನೋ ಎಂದು.