ಎಂಜಿನ್ ಬಿಚ್ಚಗೊಡದ ತಿಪ್ಪೇರುದ್ರಮ್ಮ

ಕೊಟ್ಟೂರಿನ ಹರಪನಹಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಪಾಲಣ್ಣನ ಕಣ್ಣು ಮಂಜಾದ ಮೇಲೆ ಶೆಡ್ಡನ್ನು ಮಗಳು ತಿಪ್ಪೇರುದ್ರಮ್ಮ ನಡೆಸತೊಡಗಿದಳು. "ಹೆಣ್ಮಗಳ ಕೈಗೆ ಗಾಡಿ ಕೊಡೋದ?" ಎಂದು ಎಷ್ಟೋ ಮಂದಿ ತಿರುಗಿ ಹೋದರು. ಆಕೆ ಯಾರನ್ನೂ ಕೂಗಿ ಕರೆಯಲಿಲ್ಲ. ಗುಜರಿಯಲ್ಲಿ ಬಿದ್ದಿದ್ದ, ಮುಂದಿನ ಬಕೆಟ್ಟಿನಿಂದ ಕಲ್ಲುಮಣ್ಣು ಎತ್ತುವ ಹಳೇ ಲೋಡರ್ ಒಂದನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತಳು.

2005ರ ಬೇಸಿಗೆಯಲ್ಲಿ ಕಲ್ಲುಕ್ವಾರಿಯ ದೊಡ್ಡಬೀರಪ್ಪನ ಲೋಡರ್ ಕೈಕೊಟ್ಟಿತು. ಖಾಲಿ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಜಲ್ಲಿರಾಶಿಗೆ ನುಗ್ಗಿಸಿದರೆ ಮಾತ್ರ ಬಲವೇ ಇಲ್ಲ. ಹೊಸಪೇಟೆಯಿಂದ ಬಂದ ಮೆಕ್ಯಾನಿಕ್, ಎಂಜಿನ್ ಸೋತಿದೆ, ಇಳಿಸಬೇಕು ಎಂದ. ಅದನ್ನೆತ್ತಲು ತಿಪ್ಪೇರುದ್ರಮ್ಮನ ಶೆಡ್ಡಿನಿಂದ ಚೈನ್‌ಪುಲ್ಲಿ ತರಿಸಿದರು. ಅದರ ಜೊತೆ ಆಕೆಯೂ ಬಂದು, ಲೋಡರನ್ನು ಒಮ್ಮೆ ರಾಶಿಗೆ ನುಗ್ಗಿಸಿ ನೋಡಿದಳು.

"ಎಂಜಿನ್ ಬಿಚ್ಚಬ್ಯಾಡ್ರಿ."

ಮೆಕ್ಯಾನಿಕ್ ನಕ್ಕ. "ನಿನಗೇನ್ ಗೊತ್ತವ್ವ? ಕ್ಲಚ್ ಜಾರತೈತಿ ಅನ್ನಾಕ ಇದಕ್ಕ ಕ್ಲಚ್ಚೇ ಇಲ್ಲ."

"ಅದರ ಜಾಗದಾಗ ಎಣ್ಣಿ ತುಂಬಿದ ಕನ್ವರ್ಟರ್ ಐತಿ. ಒಳಗ ಎದುರುಬದರು ಎರಡು ಫ್ಯಾನ್. ಎಂಜಿನ್ ಒಂದನ್ನ ತಿರುಗಿಸಿದ್ರ ಅದು ಎಣ್ಣಿ ಎರಚತೈತಿ. ಆ ಹೊಡತಕ್ಕ ಎರಡನೇದು ತಿರುಗಿ ಗೇರಿಗೆ ಬಲ ಕೊಡತೈತಿ. ನಡುವಿನ ಸಣ್ಣ ಚಕ್ರ ವಾಪಸ್ ಬರೋ ಎಣ್ಣಿನ ತಿರುವಿ ಮೊದಲನೇದಕ್ಕೇ ಆಸರಿ ಕೊಡತೈತಿ, ಹಂಗಾಗಿ ಬಲ ಹೆಚ್ಚತೈತಿ. ಭಾರ ಬಿದ್ದಾಗ ಆ ಚಕ್ರ ಗಟ್ಟಿ ನಿಲ್ಲಬೇಕು. ಇದರಾಗ ನಿಲ್ಲವಲ್ದು, ಸುಮ್ನ ಸುತ್ತಾಕತ್ತೈತಿ."

"ಬರೀ ಬಾಯಿಮಾತು!"

ಆಕೆ ಆಳುಗಳಿಂದ ಬಕೆಟ್ ತುಂಬ ಕಲ್ಲು ಹಾಕಿಸಿ, ಡ್ರೈವರನಿಂದ ಎತ್ತಿಸಿದಳು. ಬಕೆಟ್ಟಿನ ಪಂಪಿಗೆ ಬಲ ಬರುವುದು ನೇರ ಎಂಜಿನ್ನಿಂದ, ಕನ್ವರ್ಟರ್ ಹಾದು ಅಲ್ಲ. ಕಲ್ಲು ಸಲೀಸಾಗಿ ಮೇಲೆದ್ದಿತು. ಎಂಜಿನ್ ಉಸಿರುಗಟ್ಟಲಿಲ್ಲ.

"ಸೋತ ಎಂಜಿನ್ ಹಿಂಗ ಎತ್ತತೈತೇನ್ರಿ?"

ಆಕೆ ಕನ್ವರ್ಟರ್ ಬಿಚ್ಚಿ ಬೆರಳು ಹಾಕಿದಳು. ಒಂದೇ ಕಡೆ ತಿರುಗಬೇಕಾದ ನಡುಚಕ್ರ ಎರಡೂ ಕಡೆ ತಿರುಗಿತು. ಅದನ್ನು ತಡೆಹಿಡಿಯುವ ಸವೆದ ಭಾಗದ ಬದಲು ಹೊಸದು ತರಿಸಿ ಕೂರಿಸಿದಳು. ಲೋಡರ್ ರಾಶಿಯೊಳಕ್ಕೆ ನುಗ್ಗಿತು.

ದೊಡ್ಡಬೀರಪ್ಪ ಆಕೆಯನ್ನು ಪಕ್ಕಕ್ಕೆ ಕರೆದ. "ಹೊಸಪೇಟಿಯವ್ರೇ ಮಾಡಿದ್ರು ಅಂತ ಹೇಳ್ತೀನವ್ವ. ಹೆಣ್ಮಗಳು ಮಾಡ್ಯಾಳ ಅಂದ್ರ ಮಂದಿ ನಗತಾರ."

"ಹಂಗಾರ ಈಗ್ಲೇ ಬಿಚ್ತೀನಿ. ಅವ್ರ ಕೈಲೇ ಹಾಕಿಸ್ಕಳ್ರಿ." ಆಕೆ ಪಾನಾ ಹಿಡಿದು ಲೋಡರಿನಡಿ ಕುಳಿತೇಬಿಟ್ಟಳು.

"ಬ್ಯಾಡವ್ವ! ನಿನ್ನ ಹೆಸರೇ ಹೇಳ್ತೀನಿ."

ಹಾಗೇ ಹೇಳಿಯೂ ಹೇಳಿದ. ಮಳೆಗಾಲ ಮುಗಿಯುವುದರೊಳಗೆ ಕೂಡ್ಲಿಗಿ, ಹಡಗಲಿ ಕಡೆಯಿಂದ ಮೂರು ಲೋಡರ್‌ಗಳು ಬಂದವು. ಮೂರನೆಯದರ ಮಾಲೀಕ ಅತ್ತಿತ್ತ ನೋಡಿ, "ಮೇಸ್ತ್ರಿ ಎಲ್ಲದಾನ?" ಎಂದ.

"ಮೇಸ್ತ್ರಿ ಇಲ್ಲೇ ಅದಾಳ," ಗಾಡಿಯಡಿಯಿಂದ ಉತ್ತರ ಬಂತು. "ಏನಾಗೈತಿ ಹೇಳ್ರಿ."