ಪಾಸ್‌ಪೋರ್ಟಿಗೆ ಹೇಳಿದ ಒಡಪು

ಕುವೈತಿನಲ್ಲಿ ಡ್ರೈವರ್ ಆಗಿದ್ದ ನನ್ನ ಹೆಂಡತಿಯ ಅಣ್ಣ, ಒಂದು ತಿಂಗಳು ಇಬ್ಬರೂ ಬಂದುಹೋಗಿ ಎಂದು ಕರೆದಿದ್ದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಬೈಲಹೊಂಗಲದಲ್ಲಿ ಚಕ್ಕಡಿಯ ಗಾಲಿ ಮಾಡುತ್ತಿದ್ದ ನಾನು, ವಿಮಾನ ಹತ್ತುತ್ತೇನೆಂದು ಪೇಟೆಗೆಲ್ಲ ಹೇಳಿಕೊಂಡಿದ್ದೆ. ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಹವಾಲ್ದಾರರು ಹೆಂಡತಿಯನ್ನು ಕೇಳಿದರು: "ಗಂಡನ ಹೆಸರೇನ್ರಿ?"

ಆಕೆ ಸೆರಗು ಎಳೆದುಕೊಂಡು ನನ್ನ ಕಡೆ ನೋಡಿದಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಾನೇ ಬಾಯಿ ಹಾಕಿದೆ.

"ನೀವು ಸುಮ್ನಿರ್ರಿ. ಹೆಸರ ಹೇಳಲಾರದಾಕಿ ನಿಮ್ಮ ಹೆಂಡತಿ ಹೌದಂತ ನಾ ಹೆಂಗ ಬರೀಲಿ?" ಎಂದು ಅವರು ಪೆನ್ನು ಮುಚ್ಚಿದರು. ಇನ್ನು ಪೇಟೆಯಲ್ಲಿ ಹೇಗೆ ಮುಖ ತೋರಿಸಲಿ?

ಒಳಗಿನಿಂದ ನನ್ನ ಅವ್ವ ಗದರಿದಳು: "ಲಗ್ನದಾಗ ಪ್ರಾಸ ಕಟ್ಟಿ ಒಡಪು ಹಾಕಿ ಹೆಸರ ಹೇಳಿದ್ದಿಲ್ಲೇನ? ಈಗೂ ಹಾಕ!"

ಹೆಂಡತಿ ಗೋಡೆಯ ಕಡೆ ತಿರುಗಿದಳು. "ಉಸುಕಿನ ನಾಡಾಗ ಖರ್ಜೂರ ಗಿಡದ ತುಂಬ," ಎಂದು ತಡೆದು, ನನ್ನ ಹೆಸರು ಹೇಳಿ, "ಇವರ ಜೋಡಿ ನೋಡಿ ಬರತೇನಿ ಕಣ್ಣ ತುಂಬ," ಎಂದು ಮುಗಿಸಿದಳು.

ಹವಾಲ್ದಾರರು ನಗಲಿಲ್ಲ. "ಇನ್ನೊಮ್ಮೆ ಹೇಳ್ರಿ, ಹೆಸರಷ್ಟ."

"ಹೆಸರಷ್ಟ ಬರಂಗಿಲ್ರಿ," ಎಂದ ಆಕೆ ಇಡೀ ಒಡಪನ್ನೇ ಮತ್ತೆ ಹೇಳಿದಳು. ಅವರು ಪೆನ್ನು ತೆರೆದು, ಅದರೊಳಗಿನ ಹೆಸರು ಬರೆದುಕೊಂಡರು.