ರಸ್ತೆ ನಡುವಿನ ರಂಗೋಲಿ

ಎಪ್ಪತ್ತರ ದಶಕದಲ್ಲಿ ವಿಜಯನಗರದ ನಮ್ಮ ಮೂಲೆಮನೆಯಮ್ಮ ದಿನಾ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರು. ಹಾಲಿನವನು ಬಂದರೂ, ಗಂಡ ಆಫೀಸಿಗೆ ಹೊರಟರೂ, ತಲೆ ಎತ್ತದೆ ಒಂದೇ ಮಾತು: "ನಿಧಾನ ಕಣ್ರೀ, ಎಳೆ ಅಳಿಸುತ್ತೆ."

ಒಂದು ದಿನ ಸ್ಕೂಲಿಗೆ ಹೊರಟಿದ್ದ ನನ್ನ ತಂಗಿಯ ಲಂಗ ಸವರಿಕೊಂಡು ಬಸ್ಸು ಹೋಯಿತು. ಮೂಲೆಮನೆಯಮ್ಮ ರಂಗೋಲಿಯಿಂದ ತಲೆ ಎತ್ತಿ ನೋಡಿದರು. ಮರುದಿನ ರಂಗೋಲಿ ರಸ್ತೆಯ ನಡುವೆ ಇತ್ತು, ಎತ್ತಿನಗಾಡಿಯಷ್ಟು ಅಗಲ. ಯಾವ ಡ್ರೈವರ್ ತಾನೇ ರಂಗೋಲಿ ತುಳಿದು ಹೋದಾನು? ಬಸ್ಸು ನಿಧಾನವಾಗಿ ಪಕ್ಕಕ್ಕೆ ಸರಿಯುವಷ್ಟರಲ್ಲಿ ನಾವು ಮಕ್ಕಳು ದಾಟಿಬಿಡುತ್ತಿದ್ದೆವು. ದಿನಾ ಹಾಗೇ.

ಸುದ್ದಿ ಕೇಳಿ ಕಾರ್ಪೊರೇಷನ್ ಎಂಜಿನಿಯರೊಬ್ಬರು ಬಂದರು. ರಂಗೋಲಿ ತೊಳೆಸಿ, ಅದೇ ಜಾಗಕ್ಕೆ ಜನ ದಾಟಲೆಂದು ಬಿಳಿ ಪಟ್ಟೆ ಬಳಿಸಿದರು. ಬಸ್ಸು ಪಟ್ಟೆಯ ಮೇಲೆ ಸೀದಾ ಹೋಯಿತು.

ಮರುದಿನ ಆಕೆ ಪಟ್ಟೆಗಳ ಮೇಲೇ ಚುಕ್ಕಿ ಇಟ್ಟು ಎಳೆ ಎಳೆದರು. ಬಸ್ಸು ನಿಂತಿತು. ನೋಡಲು ಬಂದಿದ್ದ ಎಂಜಿನಿಯರು ಡ್ರೈವರನ್ನು ಕೇಳಿದರು, "ನಿನ್ನೆ ಪಟ್ಟೆ ಕಾಣಲಿಲ್ವೇನಯ್ಯಾ?"

"ಕಾಣ್ತು ಸಾರ್. ಯಾರ ಮನೇದು ಅಂತ ಗೊತ್ತಾಗ್ಲಿಲ್ಲ."